ಎಲ್ಲವೂ ಜೋರಿನ ಮೀನುಗಳೇ, ಆದರೂ ಯಾಕೆ ಹೊಂದಿಕೊಳ್ಳುತ್ತಿಲ್ಲ?

ಪ್ರಶ್ನೆ: ನನ್ನ ಬಳಿ ನಾಲ್ಕು ಅಡಿ ಉದ್ದದ, ಸುಮಾರು 400 ಲೀಟರ್ ಹಿಡಿಯುವ ಉಪ್ಪುನೀರಿನ ಟ್ಯಾಂಕ್ ಇದೆ. ಅದರಲ್ಲಿ ಪಿಕಾಸೊ ಟ್ರಿಗರ್, ಲಯನ್ ಫಿಶ್ ಮತ್ತು ಮರೂನ್ ಕ್ಲೌನ್ ಒಂದೊಂದು ಇವೆ. ಮೂರೂ ಜೋರಿನ ಮೀನುಗಳು, ಯಾವುದೂ ಇನ್ನೊಂದಕ್ಕೆ ಸೋಲುವುದಿಲ್ಲ ಅಂದುಕೊಂಡಿದ್ದೆ. ಹತ್ತು ದಿನದಿಂದ ಲಯನ್ ಫಿಶ್ ಮೂಲೆ ಬಿಟ್ಟು ಬರುತ್ತಿಲ್ಲ. ರೆಕ್ಕೆ ಹರಿದಿದೆ, ತಿನ್ನುವುದನ್ನೂ ಬಿಟ್ಟಿದೆ. ಮುಂದೆ ಒಂದು ಕ್ಲೌನ್ ಟ್ರಿಗರ್ ತರುವ ಆಸೆಯೂ ಇದೆ. ಏನು ಮಾಡಲಿ?

ಉತ್ತರ: ಮೊದಲು ಲಯನ್ ಫಿಶ್ ಅನ್ನು ಇವತ್ತೇ ಬೇರೆ ಮಾಡಿ. ನಾಳೆ ನೋಡೋಣ ಅನ್ನಬೇಡಿ. ಬಲೆ ಬೇಡ, ಅದರ ಮುಳ್ಳು ಬಲೆಗೆ ಸಿಕ್ಕಿಕೊಳ್ಳುತ್ತದೆ. ದೊಡ್ಡ ಪ್ಲಾಸ್ಟಿಕ್ ಡಬ್ಬಿಯನ್ನು ನೀರಲ್ಲಿ ಮುಳುಗಿಸಿ, ನಿಧಾನವಾಗಿ ಅದರೊಳಗೆ ಓಡಿಸಿ. ಬೆನ್ನಿನ ಮುಳ್ಳಲ್ಲಿ ವಿಷ ಇದೆ ಅನ್ನುವುದು ನಿಮಗೆ ಗೊತ್ತಿರುತ್ತದೆ. ಚುಚ್ಚಿದರೆ ಚರ್ಮ ಸುಡದಷ್ಟು ಬಿಸಿ ನೀರಲ್ಲಿ, ಅಂದರೆ ಹೆಚ್ಚೆಂದರೆ 45 ಡಿಗ್ರಿ, ಅರ್ಧ ಗಂಟೆಗೂ ಜಾಸ್ತಿ ಕೈ ಇಟ್ಟು ವೈದ್ಯರಲ್ಲಿಗೆ ಹೋಗಿ. ಬೇರೆ ಟ್ಯಾಂಕಿಗೆ ದೊಡ್ಡ ಟ್ಯಾಂಕಿನ ನೀರನ್ನೇ ತುಂಬಿ, ಅದರ ಫಿಲ್ಟರಿನ ಒಂದು ಸ್ಪಂಜನ್ನೂ ಹಾಕಿ, ಅವಿತುಕೊಳ್ಳಲು ಅಗಲದ ಪಿವಿಸಿ ಪೈಪ್ ಇಡಿ, ಮೀನಿನ ಹೊಲಸಿನಿಂದ ನೀರಿಗೆ ಸೇರುವ ವಿಷ, ಅಂದರೆ ಅಮೋನಿಯಾ, ದಿನಾ ಪರೀಕ್ಷಿಸಿ. ರೆಕ್ಕೆಯ ಬುಡ ಚೆನ್ನಾಗಿದ್ದರೆ ಹರಿದದ್ದು ಮತ್ತೆ ಬೆಳೆಯುತ್ತದೆ.

ಈಗ ಮೂಲ ವಿಷಯಕ್ಕೆ ಬರೋಣ. ಜೋರಿನ ಮೀನು ಅಂತ ನಾವು ಒಂದೇ ಮಾತಲ್ಲಿ ಹೇಳಿಬಿಡುತ್ತೇವೆ, ಆದರೆ ನಿಮ್ಮ ಟ್ಯಾಂಕಿನಲ್ಲಿರುವ ಮೂರರದ್ದೂ ಮೂರು ಥರದ ಜೋರು. ಲಯನ್ ಫಿಶ್ ಬೇಟೆಗಾರ, ಜಗಳಗಂಟ ಅಲ್ಲ. ಬಾಯಲ್ಲಿ ಹಿಡಿಸುವಂಥ ಮೀನು ಕಂಡರೆ ನುಂಗುತ್ತದೆ, ಉಳಿದಂತೆ ತನ್ನ ಪಾಡಿಗೆ ತೇಲಿಕೊಂಡಿರುತ್ತದೆ. ಮರೂನ್ ಕ್ಲೌನ್ ಜಾಗಕ್ಕಾಗಿ ಹೊಡೆದಾಡುತ್ತದೆ. ಸಮುದ್ರದಲ್ಲಿ ಅದು ತಾನು ವಾಸಿಸುವ ಅನಿಮೋನ್ ಅನ್ನು, ಅಂದರೆ ಹೂವಿನಂತೆ ಕಾಣುವ ಒಂದು ಕಡಲ ಜೀವಿಯನ್ನು, ಕಾಯುತ್ತದೆ. ಇಲ್ಲಿ ಅನಿಮೋನ್ ಇಲ್ಲದಿದ್ದರೆ ಒಂದು ಮೂಲೆಯನ್ನೇ ತನ್ನದು ಮಾಡಿಕೊಂಡು, ಒಳಗೆ ಹಾಕಿದ ನಿಮ್ಮ ಕೈಯನ್ನೂ ಕಚ್ಚಬಹುದು, ಹೆಣ್ಣಾದರಂತೂ ಇನ್ನೂ ಜಾಸ್ತಿ. ಟ್ರಿಗರ್ ಬೇರೆಯೇ. ಏಡಿ, ಮುಳ್ಳಿನ ಕಡಲ ಉರ್ಚಿನ್‌ಗಳನ್ನು ಒಡೆದು ತಿನ್ನುವ ಹಲ್ಲು ಅದರದ್ದು. ಎದುರಿಗೆ ಸಿಕ್ಕಿದ್ದನ್ನೆಲ್ಲ ಕಚ್ಚಿ ನೋಡುವುದು ಅದರ ಸ್ವಭಾವ, ಸಿಟ್ಟೇ ಬರಬೇಕೆಂದಿಲ್ಲ. ಉದ್ದುದ್ದ ರೆಕ್ಕೆ ಇಳಿಬಿಟ್ಟುಕೊಂಡು ನಿಧಾನವಾಗಿ ಚಲಿಸುವ ಲಯನ್ ಫಿಶ್ ಅದರ ಕಣ್ಣಿಗೆ ಹೇಗೆ ಕಾಣುತ್ತದೆ, ನೀವೇ ಯೋಚಿಸಿ. ವರ್ಷಗಳ ಹಿಂದೆ ನಾನೂ ಇವೆರಡನ್ನು ಜೊತೆಗಿಟ್ಟಿದ್ದೆ. ಮೂರು ತಿಂಗಳು ಏನೂ ಆಗಲಿಲ್ಲ. ಒಂದು ಬೆಳಿಗ್ಗೆ ದೀಪ ಹಾಕಿದರೆ ಲಯನ್ ಫಿಶ್‌ನ ಒಂದು ಕಣ್ಣೇ ಇರಲಿಲ್ಲ. ಅದು ಬದುಕಲಿಲ್ಲ, ಆ ನೋವು ನನಗೆ ಇವತ್ತಿಗೂ ಇದೆ. ಹಾಗಾಗಿ ರೆಕ್ಕೆ ವಾಸಿಯಾಯಿತು ಅಂತ ದಯವಿಟ್ಟು ಮತ್ತೆ ಅದೇ ಟ್ಯಾಂಕಿಗೆ ಬಿಡಬೇಡಿ.

ಕ್ಲೌನ್ ಟ್ರಿಗರ್ ವಿಷಯ ನೇರವಾಗಿ ಹೇಳುತ್ತೇನೆ: ಬೇಡ. ಮರಿಯಾಗಿದ್ದಾಗ ಬೆರಳುದ್ದ ಇರುತ್ತದೆ, ಕಪ್ಪು ಮೈಮೇಲೆ ಬಿಳಿ ಚುಕ್ಕಿ, ನೋಡಿದವರಿಗೆ ಬಿಟ್ಟು ಬರಲು ಮನಸ್ಸಾಗುವುದಿಲ್ಲ. ಅದು ಬೆಳೆದರೆ 50 ಸೆಂಟಿಮೀಟರ್ ಆಗಬಲ್ಲದು. ನಿಮ್ಮ ಟ್ಯಾಂಕಿನ ಅಗಲ ಎಷ್ಟು? ಒಂದೂವರೆ ಅಡಿ ಇದ್ದರೆ ಆ ಮೀನಿಗೆ ತಿರುಗಲೂ ಜಾಗ ಸಾಲದು. ಬೆಳೆದಂತೆ ಒರಟುತನವೂ ಹೆಚ್ಚುತ್ತದೆ, ಹೋದ ವರ್ಷದವರೆಗೆ ಜೊತೆಗಿದ್ದ ಮೀನನ್ನೇ ಕೊಲ್ಲಬಹುದು. ಪಿಕಾಸೊಗೇ ಮುಂದೆ ಈ ಟ್ಯಾಂಕ್ ಇಕ್ಕಟ್ಟಾಗುತ್ತದೆ, ಅದೂ 25 ಸೆಂಟಿಮೀಟರ್ ದಾಟುವ ಮೀನು. ಆರು ಅಡಿಯ ಟ್ಯಾಂಕ್ ಮಾಡುವ ಯೋಚನೆ ಇದ್ದರೆ ಪಿಕಾಸೊ ಜೊತೆಗೆ ಚುರುಕಾಗಿ ಈಜುವ, ಮೈಗಟ್ಟಿ ಇರುವ ದೊಡ್ಡ ಟ್ಯಾಂಗ್ ಅಥವಾ ರಾಸ್ ಜಾತಿಯ ಮೀನು ನೋಡಿ. ಇನ್ನೊಂದು ಟ್ರಿಗರ್ ಬೇಡ. ಹೊಟ್ಟೆಬಾಕ ಮೀನುಗಳು ಕೊಳಕೂ ಜಾಸ್ತಿ ಮಾಡುತ್ತವೆ, ನೀರಿನ ಕೊಳೆಯನ್ನು ನೊರೆಯ ಜೊತೆ ಹೊರಹಾಕುವ ಒಳ್ಳೆಯ ಪ್ರೋಟೀನ್ ಸ್ಕಿಮ್ಮರ್ ಇಲ್ಲದೆ ಇವನ್ನು ಸಾಕಲೇಬಾರದು.

ಅಂದ ಹಾಗೆ, ಪಿಕಾಸೊ ಹೆದರಿ ಕಲ್ಲಿನ ಸಂದಿಗೆ ನುಗ್ಗಿದರೆ ಎಳೆಯಬೇಡಿ. ಬೆನ್ನಿನ ಮೊದಲ ಮುಳ್ಳನ್ನು ಎತ್ತಿ, ಎರಡನೆಯದರಿಂದ ಚಿಲಕ ಹಾಕಿಕೊಂಡಂತೆ ಬಿಗಿದುಕೊಂಡಿರುತ್ತದೆ. ಅದಕ್ಕೇ ಟ್ರಿಗರ್ ಅನ್ನುವ ಹೆಸರು. ಕಲ್ಲನ್ನೇ ಎತ್ತಿ ಬೇರೆ ಕಡೆ ಇಡಿ.

ಪ್ರಶ್ನೆ: ಯಾವ ಹೊಸ ಮೀನು ಬಿಟ್ಟರೂ ನನ್ನ ಹಳೇ ಡ್ಯಾಮ್ಸೆಲ್ ಅಟ್ಟಾಡಿಸಿಕೊಂಡು ಕಚ್ಚುತ್ತದೆ. ಇರುವುದೇ ನಾಲ್ಕು ಇಂಚು!

ಉತ್ತರ: ಟ್ಯಾಂಕಿಗೆ ಮೊದಲು ಬಂದ ಮೀನು ಅದೇ ಇರಬೇಕು, ಅಲ್ವಾ? ಗಟ್ಟಿ ಮೀನು, ಸಾಯುವುದಿಲ್ಲ ಅಂತ ತುಂಬ ಜನ ಡ್ಯಾಮ್ಸೆಲ್‌ನಿಂದಲೇ ಶುರು ಮಾಡುತ್ತಾರೆ, ಆಮೇಲೆ ಇಡೀ ಟ್ಯಾಂಕ್ ಅದರದ್ದಾಗುತ್ತದೆ. ಜಗಳಗಂಟ ಮೀನು ಯಾವಾಗಲೂ ಕೊನೆಗೆ ಬರಬೇಕು. ಈಗ ಮಾಡಬಹುದಾದದ್ದು ಇಷ್ಟು. ಡ್ಯಾಮ್ಸೆಲ್ ಅನ್ನು ಒಂದೆರಡು ವಾರ ಬೇರೆ ಇಡಿ, ಆ ಹೊತ್ತಲ್ಲಿ ಕಲ್ಲುಗಳ ಜಾಗ ಪೂರ್ತಿ ಬದಲಿಸಿ, ಹೊಸ ಮೀನು ಒಳಗೆ ಬಂದು ತಿನ್ನಲು, ಓಡಾಡಲು ಶುರು ಮಾಡಲಿ. ಆಮೇಲೆ ಡ್ಯಾಮ್ಸೆಲ್ ಬರಲಿ, ಮೊದಲು ನಾಲ್ಕೈದು ದಿನ ತೂತುಗಳಿರುವ ಪಾರದರ್ಶಕ ಪೆಟ್ಟಿಗೆಯಲ್ಲಿ ಅದೇ ಟ್ಯಾಂಕಿನೊಳಗೆ ಇರಲಿ. ಆಗ ಹೊಸಬ ಅದೇ ಆಗಿರುತ್ತದೆ. ಇಷ್ಟಾದರೂ ಬಿಡದಿದ್ದರೆ ಆ ಮೀನಿಗೆ ಬೇರೆ ಮನೆ ಹುಡುಕಿ. ಇವತ್ತಲ್ಲ ನಾಳೆ ಸರಿಹೋಗುತ್ತದೆ ಅಂತ ಸುಮ್ನೆ ಕಾಯುತ್ತಾ ಕೂತರೆ ಹೊಸ ಮೀನು ಹೆದರಿಕೆಯಲ್ಲೇ ಸೊರಗಿ, ಮೈಮೇಲೆ ಬಿಳಿ ಚುಕ್ಕಿ ರೋಗ ಹತ್ತಿಸಿಕೊಳ್ಳುತ್ತದೆ.

ಪ್ರಶ್ನೆ: ಲಯನ್ ಫಿಶ್‌ಗೆ ಜೀವಂತ ಗೋಲ್ಡ್ ಫಿಶ್ ಹಾಕಬಹುದೇ?

ಉತ್ತರ: ಬೇಡ. ಗೋಲ್ಡ್ ಫಿಶ್ ಮೈಯಲ್ಲಿರುವ ಥಯಾಮಿನೇಸ್ ಅನ್ನುವ ಅಂಶ ಬಿ1 ವಿಟಮಿನ್ ಅನ್ನು ಹಾಳು ಮಾಡುತ್ತದೆ, ಸಿಹಿನೀರಿನ ಮೀನಿನ ಕೊಬ್ಬೂ ಇದಕ್ಕೆ ಒಗ್ಗುವುದಿಲ್ಲ. ಫ್ರೀಜ್ ಮಾಡಿದ ಸಮುದ್ರ ಮೀನಿನ ಚೂರು, ಸಿಗಡಿ, ಸ್ಕ್ವಿಡ್ ಕರಗಿಸಿ ಕಡ್ಡಿಗೆ ಸಿಕ್ಕಿಸಿ, ಅದರ ಮುಂದೆ ಮೆಲ್ಲಗೆ ಅಲ್ಲಾಡಿಸಿ. ಒಂದೇ ಬಗೆಯದ್ದನ್ನು ಹಾಕುತ್ತಿರಬೇಡಿ, ಬದಲಿಸುತ್ತಿರಿ. ಮೊದಲ ಒಂದು ವಾರ ತಿರುಗಿಯೂ ನೋಡದೇ ಇರಬಹುದು, ಆಮೇಲೆ ಕಡ್ಡಿ ಕಂಡರೇ ಮುಂದೆ ಬರುತ್ತದೆ.