ಕಳಚುವ ಬೈಂಡಿಂಗು, ಗುಡ್ಡದಲ್ಲಿ ಎದುರಾಗುವ ಅಪರಿಚಿತರು: ಓದುಗರ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ಕಳೆದ ಫೆಬ್ರುವರಿಯಲ್ಲಿ ನಾವು ನಾಲ್ವರು ಕಾಶ್ಮೀರದ ಗುಲ್ಮಾರ್ಗ್‌ನ ಅಫರ್ವತ್ ಪರ್ವತದ ಓರೆಯಲ್ಲಿ ಸ್ಕೀ ತೊಟ್ಟೇ ಹಿಮದ ಗುಡ್ಡ ಏರಿ ಇಳಿಯುವ ಸ್ಕೀ ಟೂರಿಂಗ್‌ಗೆ ಹೋಗಿದ್ದೆವು. ಏರುವಾಗಲೇ ನನ್ನ ಎಡಗಾಲಿನ ಬೂಟು, ಅದನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗಿನ ಮುಂಭಾಗದಿಂದ ಮೂರು ಸಲ ಕಳಚಿತು. ಇಳಿಯುವ ಮೊದಲು ಗೆಳೆಯರೊಬ್ಬರು ಮುಂದಿನ ಲಿವರನ್ನು ಪೂರ್ತಿ ಮೇಲಕ್ಕೆಳೆದು, ಹೀಗೆ ಬಿಗಿಮಾಡಿಕೊಂಡೇ ಇಳಿದರೆ ಮತ್ತೆ ಕಳಚುವುದಿಲ್ಲ ಎಂದರು. ಅಷ್ಟರಲ್ಲಿ ಫಿರನ್ ಎಂಬ ಕಾಶ್ಮೀರಿ ನಿಲುವಂಗಿ ತೊಟ್ಟ ಹಿರಿಯರೊಬ್ಬರು ಎಲ್ಲಿಂದಲೋ ನಡೆದು ಬಂದು, ಒಂದು ಮಾತನ್ನೂ ಆಡದೆ ನನ್ನ ಕಾಲ ಬಳಿ ಮಂಡಿಯೂರಿ, ಬೂಟನ್ನು ಬಿಡಿಸಿ, ಮೊಳೆಯಂಥ ಸಲಾಕೆಯಿಂದ ಬೂಟಿನ ತುದಿಯ ತೂತುಗಳನ್ನೂ ಬೈಂಡಿಂಗಿನ ಅಡಿಯನ್ನೂ ಕೆರೆದರು. ಬೂಟನ್ನು ಮತ್ತೆ ಕೂಡಿಸಿ ಹಿಮ್ಮಡಿಯನ್ನು ಹತ್ತಾರು ಸಲ ಆಡಿಸಲು ಸನ್ನೆ ಮಾಡಿದರು. ಕೊನೆಗೆ ಲಿವರನ್ನು ಮೇಲಕ್ಕೆಳೆಯದೆ ನಡುವಿನ ಸ್ಥಿತಿಯಲ್ಲೇ ಬಿಟ್ಟು ಹೊರಟುಹೋದರು; ಹಣವನ್ನು ಮುಟ್ಟಲಿಲ್ಲ. ಕೆಳಗೆ ಬಂದು ನಮ್ಮ ಹೋಟೆಲಿನಲ್ಲಿ ವಿಚಾರಿಸಿದರೆ ಯಾರಿಗೂ ಅವರ ಗುರುತು ಸಿಗಲಿಲ್ಲ. ಅವರು ಮಾಡಿದ್ದು ಸರಿಯೇ? ಅವರು ಯಾರಿದ್ದಿರಬಹುದು?
— ಕಾಲೇಜು ಅಧ್ಯಾಪಕಿ, ಸಪ್ತಾಪುರ, ಧಾರವಾಡ

ಉತ್ತರ: ಅವರು ಮಾಡಿದ್ದೆಲ್ಲವೂ ಸರಿ. ನಿಮ್ಮ ಗೆಳೆಯರು ಹೇಳಿದ್ದು ತಪ್ಪು, ಮತ್ತು ಅದು ಅಪಾಯದ ತಪ್ಪು.

ನಿಮ್ಮ ಸ್ಕೀಗಳಿಗಿದ್ದದ್ದು ಪಿನ್ ಬೈಂಡಿಂಗ್. ಆಸ್ಟ್ರಿಯಾದ ಫ್ರಿಟ್ಜ್ ಬಾರ್ತೆಲ್ ಅವರು 1980ರ ದಶಕದಲ್ಲಿ ರೂಪಿಸಿದ ಈ ಏರ್ಪಾಡಿನಲ್ಲಿ, ಬೂಟಿನ ತುದಿಯ ಎರಡು ಬದಿಗಳಲ್ಲಿರುವ ಲೋಹದ ಕುಳಿಗಳೊಳಗೆ ಬೈಂಡಿಂಗಿನ ಎರಡು ತೋಳುಗಳ ಪಿನ್ನುಗಳು ಸ್ಪ್ರಿಂಗಿನ ಬಲದಿಂದ ಹೊಕ್ಕು ಕೂರುತ್ತವೆ. ಏರುವಾಗ ಹಿಮ್ಮಡಿ ಬಿಡುವಾಗಿರುತ್ತದೆ, ಪಾದವು ಬಾಗಿಲಿನ ಕೀಲಿನಂತೆ ಈ ಪಿನ್ನುಗಳ ಮೇಲೆಯೇ ತಿರುಗುತ್ತದೆ. ತೂಕ ತೀರಾ ಕಡಿಮೆ ಎಂಬುದು ಇದರ ದೊಡ್ಡ ಗುಣ. ಆದರೆ ತೋಳುಗಳು ಪೂರ್ತಿ ಮುಚ್ಚಿಕೊಳ್ಳಲು ಅವುಗಳ ಅಡಿಯಲ್ಲಿ ಒಂದಿಷ್ಟು ಖಾಲಿ ಜಾಗ ಬೇಕು. ಬೂಟಿಗಂಟಿದ ಹಿಮ ಅಲ್ಲಿ ಸೇರಿ, ಪ್ರತಿ ಹೆಜ್ಜೆಯ ಒತ್ತಡಕ್ಕೆ ಗಟ್ಟಿಯಾಗಿ ಮಂಜುಗಡ್ಡೆಯೇ ಆಗುತ್ತದೆ. ಆಗ ಖಟ್ ಎಂಬ ಸದ್ದು ಕೇಳಿಸಿದರೂ ಪಿನ್ನು ಕುಳಿಯ ಅಂಚಿನಲ್ಲಷ್ಟೇ ನಿಂತಿರುತ್ತದೆ. ಬಂಡಿಯ ಕಡಾಣಿ ಅರ್ಧ ಮಾತ್ರ ಇಳಿದಿದ್ದರೆ ಸಪಾಟು ದಾರಿಯಲ್ಲಿ ಗಾಲಿ ಉರುಳುತ್ತಲೇ ಹೋಗಿ, ಹಳ್ಳಕ್ಕಿಳಿಯುವಾಗ ಕಳಚಿಕೊಳ್ಳುತ್ತದೆಯಲ್ಲ, ಇದೂ ಹಾಗೆಯೇ. ಓರೆ ದಾರಿಯಲ್ಲಿ ಸ್ಕೀಯ ಅಂಚಿನ ಮೇಲೆ ಭಾರ ಬಿದ್ದ ಕ್ಷಣವೇ ನಿಮ್ಮ ಬೂಟು ಕಳಚಿದ್ದು ಇದೇ ಕಾರಣಕ್ಕೆ ಎಂದು ನನಗನ್ನಿಸುತ್ತದೆ.

ಆ ಹಿರಿಯರು ಕೆರೆದು ತೆಗೆದದ್ದು ಈ ಗಡ್ಡೆಯನ್ನು. ಹಿಮ್ಮಡಿಯನ್ನು ಆಡಿಸಲು ಹೇಳಿದ್ದು ಕುಳಿಯೊಳಗೆ ಉಳಿದ ಪುಡಿಹಿಮವನ್ನು ಪಿನ್ನುಗಳೇ ತಿರುಗಿ ತಿರುಗಿ ಹೊರದೂಡಲಿ ಎಂದು. ಇನ್ನು ಲಿವರಿನ ಸಂಗತಿ. ಏರುವಾಗ ಅದನ್ನು ಪೂರ್ತಿ ಮೇಲಕ್ಕೆಳೆದು ಬಿಗಿ ಮಾಡುವುದು ಕ್ರಮ, ಏಕೆಂದರೆ ಆಗ ಬೂಟು ಕಳಚಬಾರದು. ಇಳಿಯುವಾಗ ಬಿದ್ದರೆ ಮಾತ್ರ ಅದು ಕಳಚಲೇಬೇಕು. ಬಿಗಿ ಮಾಡಿದ ಲಿವರಿನೊಂದಿಗೆ ಇಳಿಯುವವರು ಉರುಳಿಬಿದ್ದರೆ ಉದ್ದನೆಯ ಸ್ಕೀ ಕಾಲಿನೊಡನೆಯೇ ತಿರುಚಿಕೊಂಡು, ಮೊಣಕಾಲಿನ ಕಟ್ಟುಗಳೋ ಮೊಣಕಾಲ ಕೆಳಗಿನ ಮೂಳೆಯೋ ಬಲಿಯಾಗುತ್ತದೆ. ಹಿಮಕುಸಿತದಲ್ಲಿ ಸಿಕ್ಕರಂತೂ ಕಳಚದ ಸ್ಕೀಗಳು ಲಂಗರಿನಂತೆ ಮನುಷ್ಯರನ್ನು ಒಳಕ್ಕೆ ಎಳೆಯುತ್ತವೆ. ಜಾರಿದರೆ ನೇರ ಪ್ರಪಾತವೇ ಎಂಬಂಥ ಜಾಗದಲ್ಲಿ ನುರಿತವರು ತಿಳಿದೇ ಬಿಗಿ ಮಾಡಿಕೊಳ್ಳುವುದುಂಟು. ಅದು ಅವರ ಲೆಕ್ಕ. ಸರಿಯಾಗಿ ಕೂರದ ಬೈಂಡಿಂಗಿಗೆ ಅದು ಔಷಧವಲ್ಲ.

ಮುಂದಿನ ಸಲ ಹೊರಡುವ ಮುನ್ನ ಬೆಚ್ಚಗಿನ ಕೋಣೆಯಲ್ಲಿ ಒಣ ಬೂಟನ್ನು ಕೂಡಿಸಿ, ಬಿಗಿ ಮಾಡಿದಾಗ ಲಿವರು ಎಲ್ಲಿ ನಿಲ್ಲುತ್ತದೆ, ಎಷ್ಟು ಸಲ ಸದ್ದಾಗುತ್ತದೆ ಎಂಬುದನ್ನು ನೋಡಿಟ್ಟುಕೊಳ್ಳಿ. ಬೆಟ್ಟದ ಮೇಲೆ ಅದು ಬೇರೆ ಕಡೆ ನಿಂತರೆ ಅಡಿಯಲ್ಲಿ ಏನೋ ಸಿಕ್ಕಿಕೊಂಡಿದೆ ಎಂದೇ ತಿಳಿದು, ಬಿಡಿಸಿ ಕೆರೆಯಿರಿ. ಒಂದು ಮರದ ಕಡ್ಡಿ ಜೇಬಿನಲ್ಲಿದ್ದರೆ ಸಾಕು. ಕೆರೆದ ಮೇಲೂ ಕಳಚಿದರೆ ತಿರುಪುಗಳು ಸಡಿಲವಾಗಿವೆಯೇ, ಬೂಟಿನ ಕುಳಿಗಳು ಸವೆದಿವೆಯೇ ಎಂದು ನೋಡಬೇಕು. ಬಾಡಿಗೆಗೆ ತಂದ ಸಾಮಗ್ರಿಯಾದರೆ ಇನ್ನೊಂದು ಮಾತು: ಬೂಟಿನ ಬದಿಯಲ್ಲಿ ಅದರ ಅಟ್ಟೆಯ ಉದ್ದ ಮಿಲಿಮೀಟರುಗಳಲ್ಲಿ ಅಚ್ಚಾಗಿರುತ್ತದೆ, ಬೈಂಡಿಂಗಿನ ಹಿಂದಿನ ತುಂಡನ್ನು ಆ ಉದ್ದಕ್ಕೆ ಸರಿಸಿ ಹೊಂದಿಸಿದ್ದಾರೆಯೇ ಎಂದು ಕೇಳಿ ತಿಳಿಯಿರಿ. ಎಷ್ಟು ಬಲಕ್ಕೆ ಬೂಟು ಕಳಚಬೇಕೆಂಬ ಅಂಕಿಯನ್ನು ನಿಮ್ಮ ತೂಕ, ಎತ್ತರ, ವಯಸ್ಸು, ಅಟ್ಟೆಯ ಉದ್ದ ಮತ್ತು ನಿಮ್ಮ ಸ್ಕೀ ನಡೆಯ ವೇಗಕ್ಕೆ ತಕ್ಕಂತೆ ಲೆಕ್ಕ ಹಾಕುತ್ತಾರೆ; ಗೆಳತಿಯ ಅಂಕಿಯನ್ನು ನಿಮ್ಮದಕ್ಕೆ ಇಡುವುದು ಸಲ್ಲದು.

ಅವರು ಯಾರು ಎಂಬುದಕ್ಕೆ ನಾನು ನಿಗೂಢವಾದ ಉತ್ತರವನ್ನು ಹುಡುಕುವುದಿಲ್ಲ. ತಂಗ್ಮಾರ್ಗ್ ಕಡೆಯ ಹಳ್ಳಿಗಳ ಅನೇಕರು ಚಳಿಗಾಲದಲ್ಲಿ ಗುಲ್ಮಾರ್ಗ್‌ನಲ್ಲಿ ಪ್ರವಾಸಿಗರ ಸ್ಕೀ ಹೊತ್ತು, ಜಾರುಬಂಡಿ ಎಳೆದು, ದಾರಿ ತೋರಿಸಿ ಬದುಕುತ್ತಾರೆ. ಸಾವಿರಾರು ಬೂಟುಗಳನ್ನು ಕಂಡ ಕೈಗೆ ನಿಮ್ಮ ಬೂಟಿನ ಕಾಯಿಲೆ ದೂರದಿಂದಲೇ ತಿಳಿದಿದ್ದರೆ ಅಚ್ಚರಿಯಿಲ್ಲ. ಹೋಟೆಲಿನವರಿಗೆ ಅವರೆಲ್ಲರ ಗುರುತಿರಬೇಕೆಂದೇನೂ ಇಲ್ಲ. ಮತ್ತೆ ಹೋದಾಗ ಸ್ಕೀ ಹೊರುವವರ ನಡುವೆ ವಿಚಾರಿಸಿ ನೋಡಿ. ಅಂಥವರ ಹೆಸರು ತಿಳಿದು ನಮಸ್ಕರಿಸಿ ಬರುವುದು ನನ್ನ ಮಟ್ಟಿಗೆ ಯಾತ್ರೆಗೆ ಸಮಾನ.

ಪ್ರಶ್ನೆ: ಹಿಮಾಚಲದ ಹಮ್ತಾ ಪಾಸ್ ಎಂಬ ಕಣಿವೆದಾರಿ ದಾಟಿ ಇಳಿಯುವಾಗ ತಂಡದಿಂದ ಹಿಂದುಳಿದು ಎರಡು ತಾಸು ಒಬ್ಬನೇ ನಡೆದೆ. ಅಷ್ಟೂ ಹೊತ್ತು ಬಲಗಡೆ ಯಾರೋ ಜೊತೆಗೆ ಬರುತ್ತಿದ್ದಾರೆ ಎಂಬ ಭಾವನೆ ಖಚಿತವಾಗಿತ್ತು. ಭಯವಾಗಲಿಲ್ಲ, ಧೈರ್ಯವೇ ಬಂತು. ಮನೆಯಲ್ಲಿ ಹೇಳಿದರೆ ದೃಷ್ಟಿ ತೆಗೆಸಲು ಹೊರಟಿದ್ದಾರೆ. ಇದೇನು?
— ಓದುಗ, ವಿದ್ಯಾನಗರ, ಹುಬ್ಬಳ್ಳಿ

ಉತ್ತರ: ಪರ್ವತಾರೋಹಿಗಳಿಗೆ ಇದು ಹಳೆಯ ಪರಿಚಯ. 1916ರಲ್ಲಿ ಅರ್ನೆಸ್ಟ್ ಶ್ಯಾಕಲ್ಟನ್ ಇಬ್ಬರು ಸಂಗಡಿಗರೊಡನೆ ದಕ್ಷಿಣ ಜಾರ್ಜಿಯಾ ದ್ವೀಪದ ಹಿಮಪರ್ವತಗಳನ್ನು ದಾಟಿದಾಗ, ತಾವು ಮೂವರಲ್ಲ, ನಾಲ್ವರಿದ್ದೇವೆ ಎಂದು ತನಗೆ ಮತ್ತೆ ಮತ್ತೆ ಅನ್ನಿಸಿತೆಂದು ಬರೆದಿದ್ದಾರೆ. 1933ರಲ್ಲಿ ಎವರೆಸ್ಟಿನ ಎತ್ತರದಲ್ಲಿ ಒಬ್ಬರೇ ಉಳಿದಿದ್ದ ಫ್ರಾಂಕ್ ಸ್ಮೈತ್, ತಮ್ಮ ಬಳಿಯಿದ್ದ ಸಿಹಿ ತಿನಿಸನ್ನು ಎರಡು ಪಾಲು ಮಾಡಿ ಪಕ್ಕದಲ್ಲಿಲ್ಲದ ಸಂಗಾತಿಗೆ ಕೊಡಲು ತಿರುಗಿದ್ದರು. ದಣಿವು, ಒಂಟಿತನ, ಚಳಿ, ಆಮ್ಲಜನಕದ ಕೊರತೆ ಕೂಡಿದಾಗ ಹೀಗಾಗುವುದು ಹಲವರ ಅನುಭವ. ನಾಚಿಕೊಳ್ಳುವಂಥದ್ದು ಇದರಲ್ಲಿ ಏನೂ ಇಲ್ಲ. ನಿಮಗೆ ಬಂದ ಧೈರ್ಯ ನಿಜವಾದದ್ದೇ.

ಆದರೆ ಆ ಜೊತೆಗಾರ ಬಂದನೆಂದರೆ ಮೈ ಸೋತಿದೆ ಎಂದೇ ಅರ್ಥ ಮಾಡಿಕೊಂಡು, ಅಲ್ಲೇ ಕುಳಿತು ನೀರು ಕುಡಿದು, ಬುತ್ತಿ ಬಿಚ್ಚಿ, ಒಂದು ಬಟ್ಟೆ ಹೆಚ್ಚು ತೊಟ್ಟುಕೊಳ್ಳಿ. ಒಂದು ಪಾದದ ಹಿಮ್ಮಡಿಯನ್ನು ಇನ್ನೊಂದರ ಬೆರಳಿಗೆ ತಾಗಿಸುತ್ತ ನೇರ ಗೆರೆಯಲ್ಲಿ ನಡೆದು ನೋಡಿ. ತೂರಾಡಿದರೆ, ಮಾತು ಗೊಂದಲವಾದರೆ ಅದು ಎತ್ತರದಿಂದಾಗುವ ಮೆದುಳಿನ ಬಾವಿನ ಲಕ್ಷಣವಿರಬಹುದು. ಆಗ ಬೆಳಗಿನ ತನಕ ಕಾಯದೆ ಇನ್ನೊಬ್ಬರ ಜೊತೆಯಲ್ಲಿ ಕೂಡಲೇ ಕೆಳಗಿಳಿಯಬೇಕು. ನಿಮ್ಮನ್ನು ಹಿಂದೆ ಬಿಟ್ಟು ಹೋದ ತಂಡದ ನಡವಳಿಕೆಯನ್ನು ನಾನು ಒಪ್ಪಲಾರೆ. ಕೊನೆಯವರ ಹಿಂದೆ ಮಾರ್ಗದರ್ಶಕರೊಬ್ಬರು ಇರಲೇಬೇಕಾಗಿತ್ತು.

ಪ್ರಶ್ನೆ: ಏರುವಾಗ ಹಿಂದಕ್ಕೆ ಜಾರದಂತೆ ಸ್ಕೀ ಅಡಿಗೆ ಅಂಟಿಸುವ ಸ್ಕಿನ್ ಪಟ್ಟಿಗಳ ಅಂಟು ಒಂದೇ ಬೇಸಿಗೆಯಲ್ಲಿ ಕರಗಿ ಗೋಂದಿನಂತಾಗಿದೆ. ಎಲ್ಲಿಡಬೇಕು?
— ಓದುಗ, ಹಾವೇರಿ

ಉತ್ತರ: ತಗಡಿನ ಮಾಡಿನ ಅಡಿಯ ಅಟ್ಟದಲ್ಲಿ ಇಡಬೇಡಿ, ನಮ್ಮ ಏಪ್ರಿಲ್ ಬಿಸಿಲಿಗೆ ಆ ಅಂಟು ತಾಳುವುದಿಲ್ಲ. ನೆರಳಿನಲ್ಲಿ ಪೂರ್ತಿ ಒಣಗಿಸಿ, ನಡುವೆ ಅವುಗಳ ಜೊತೆಗೇ ಬರುವ ಜಾಲರಿ ಹಾಳೆಯನ್ನಿಟ್ಟು, ಮನೆಯ ಅತಿ ತಂಪಾದ ನೆಲಮಟ್ಟದ ಕೋಣೆಯಲ್ಲಿಡಿ.

ಪ್ರಶ್ನೆ: ಕಪ್ಪತಗುಡ್ಡಕ್ಕೆ ಹೋಗಿದ್ದಾಗ ಕಂಬಳಿ ಹೊದ್ದ ಕುರಿಗಾಹಿಯೊಬ್ಬರು ದಾರಿಗೆ ಅಡ್ಡ ನಿಂತು, 'ಯಾವೂರವರು, ಚೀಲದಾಗ ಏನೈತಿ' ಎಂದು ವಿಚಾರಣೆ ಮಾಡಿದರು. 'ಆ ಹಳ್ಳದ ಕಡೆ ಇಳೀಬ್ಯಾಡ್ರಿ' ಎಂದು ತಡೆದರು. ನಮಗೆ ಅವಮಾನವಾಯಿತು. ಹೀಗೆ ತಡೆಯಲು ಅವರಿಗೇನು ಅಧಿಕಾರ?
— ಇಬ್ಬರು ವಿದ್ಯಾರ್ಥಿಗಳು, ಗದಗ

ಉತ್ತರ: ಕಾಗದದ ಅಧಿಕಾರ ಅರಣ್ಯ ಇಲಾಖೆಯದು. 2019ರಲ್ಲಿ ಕಪ್ಪತಗುಡ್ಡ ವನ್ಯಜೀವಿಧಾಮವಾಗಿದೆ, ಅನುಮತಿ ಪಡೆದೇ ಒಳಗೆ ಹೋಗಬೇಕು. ಆದರೆ ಆ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು 2017ರಲ್ಲಿ ಗದಗಿನ ಬೀದಿಗಿಳಿದವರು ಜನರೇ ಎಂಬುದನ್ನು ನೀವು ಮನೆಯ ಹಿರಿಯರಿಂದ ಕೇಳಿರಬಹುದು. ಹೊಸಬರನ್ನು ಕಂಡರೆ ಅಲ್ಲಿನವರು ಪ್ರಶ್ನಿಸುವುದಕ್ಕೆ ಕಾರಣವಿದೆ. ಚೀಲದಲ್ಲಿ ಔಷಧಿಯ ಬೇರು ಅಗೆಯುವ ಸಲಾಕೆ ಇರಬಹುದು, ಒಣಹುಲ್ಲಿಗೆ ತಗಲುವ ಬೆಂಕಿಪೆಟ್ಟಿಗೆ ಇರಬಹುದು. ಹಳ್ಳದ ಕಡೆ ಇಳಿಯಬೇಡಿ ಎಂದವರಿಗೆ ಅಲ್ಲಿ ಆ ದಿನ ಏನಿತ್ತೆಂಬುದು ಗೊತ್ತಿದ್ದಿರಬೇಕು. ತೋಳ, ಕತ್ತೆಕಿರುಬಗಳಿರುವ ಗುಡ್ಡ ಅದು, ಪ್ರತಿ ಸಂಜೆ ಮಂದೆಯ ಮರಿಗಳನ್ನು ಎಣಿಸುವವರಿಗಿಂತ ಹೆಚ್ಚಾಗಿ ಅದನ್ನು ಬಲ್ಲವರು ಇಲ್ಲ.

ಅವರ ದನಿ ನಿಮಗೆ ಒರಟಾಗಿ ಕೇಳಿಸಿರಬಹುದು. ನಮ್ಮ ಕಡೆ ಯಾವೂರವರು ಎಂದು ಕೇಳುವುದರಿಂದಲೇ ಮಾತು ಶುರುವಾಗುತ್ತದಲ್ಲವೇ? ಮುಂದಿನ ಸಲ ಅವರು ಕೇಳುವ ಮೊದಲೇ ನಮಸ್ಕಾರ ಹೇಳಿ ನಿಮ್ಮ ಊರು, ಮನೆತನ, ಹೋಗುವ ದಾರಿ, ಮರಳುವ ಹೊತ್ತು ಎಲ್ಲವನ್ನೂ ತಿಳಿಸಿ, ಇಳಿದು ಬರುವಾಗ ಅವರಿಗೆ ಮುಖ ತೋರಿಸಿಯೇ ಊರ ಕಡೆ ಹೊರಡಿ. ಹಾಗೆ ಮಾಡದಿದ್ದರೆ ಕತ್ತಲಾದ ಮೇಲೆ ನಿಮ್ಮನ್ನು ಹುಡುಕುತ್ತ ಅವರೇ ಗುಡ್ಡ ಹತ್ತಬೇಕಾದೀತು.