ಮೊಮ್ಮಗ ಹಿಟ್ಟಿಂಗ್ ಕೋಚ್ ಆಗ್ತಾನಂತೆ

ಧಾರವಾಡದ ಹಿರಿಯ ಓದುಗರೊಬ್ಬರ ಪತ್ರ (ಹೆಸರು ಬೇಡ ಎಂದಿದ್ದಾರೆ): "ನನ್ನ ಮೊಮ್ಮಗ ಟೆಕ್ಸಾಸ್‌ನಲ್ಲಿ ಹುಟ್ಟಿ ಬೆಳೆದವನು. ಅಲ್ಲಿಯ ಸಣ್ಣ ಕಾಲೇಜೊಂದರಲ್ಲಿ ಬೇಸ್‌ಬಾಲ್ ಆಡುತ್ತಾನೆ. ಕಂಪ್ಯೂಟರ್ ಡಿಗ್ರಿ ಈ ವರ್ಷ ಮುಗಿಯುತ್ತದೆ. ಕಂಪನಿ ಕೆಲಸ ಬೇಡ, ಕಾಲೇಜ್ ತಂಡಕ್ಕೆ ಹಿಟ್ಟಿಂಗ್ ಕೋಚ್ ಆಗ್ತೀನಿ ಅಂತ ಹಟ ಹಿಡಿದಿದ್ದಾನೆ. ಮಗ, ಸೊಸೆ ತಲೆ ಕೆಡಿಸಿಕೊಂಡಿದ್ದಾರೆ. ಬ್ಯಾಟ್ ಬೀಸೋದು ಕಲಿಸೋಕೂ ಒಬ್ಬ ಬೇಕಾ? ಅದರಿಂದ ಹೊಟ್ಟೆ ತುಂಬುತ್ತದೆಯೇ? ಫೆಬ್ರುವರಿಯಲ್ಲಿ ಅಲ್ಲಿಗೆ ಹೋಗುತ್ತಿದ್ದೇನೆ. ಅವನಿಗೆ ಏನು ಹೇಳಲಿ?"

ಹಿರಿಯರೆ, ನಮಸ್ಕಾರ.

ಉದ್ಯೋಗ ಹೌದು, ಅದರಲ್ಲಿ ಅನುಮಾನವಿಲ್ಲ. ಅಮೆರಿಕದ ಕಾಲೇಜ್ ಕ್ರೀಡೆಯ ಮೇಲಿನ ದರ್ಜೆಗೆ ಡಿವಿಷನ್ ಒನ್ ಎನ್ನುತ್ತಾರೆ. ಅದೊಂದರಲ್ಲೇ ಸುಮಾರು 300 ಬೇಸ್‌ಬಾಲ್ ತಂಡಗಳಿವೆ. ಕೆಳಗಿನ ದರ್ಜೆಗಳು, ಎರಡು ವರ್ಷದ ಜೂನಿಯರ್ ಕಾಲೇಜುಗಳು ಬೇರೆ. ಹೆಚ್ಚಿನ ಕಡೆ ಬ್ಯಾಟಿಂಗ್ ನೋಡಿಕೊಳ್ಳಲು ಒಬ್ಬರು ಇದ್ದೇ ಇರುತ್ತಾರೆ. ಹೊಟ್ಟೆ ತುಂಬುವ ವಿಚಾರಕ್ಕೆ ಆಮೇಲೆ ಬರುತ್ತೇನೆ. ಅದು ಅಷ್ಟು ಸಲೀಸಲ್ಲ.

ಬೇರೆ ಕೋಚ್ ಯಾಕೆ ಬೇಕು ಎಂಬುದನ್ನು ಕ್ರಿಕೆಟ್ ನೋಡಿದವರಿಗೆ ಹೇಳುವುದು ಸುಲಭ. ಪಿಚರ್ (ಚೆಂಡು ಎಸೆಯುವವನು) ನಿಲ್ಲುವ ಜಾಗದಿಂದ ಬ್ಯಾಟರ್ ಮುಂದಿನ ಹೋಮ್ ಪ್ಲೇಟ್‌ಗೆ 18.44 ಮೀಟರ್. ಚೆಂಡು ಗಂಟೆಗೆ 150 ಕಿಲೋಮೀಟರ್ ವೇಗದಲ್ಲಿ ಬಂದರೆ ಬ್ಯಾಟರ್‌ಗೆ ಸಿಗುವುದು ಸುಮಾರು 0.4 ಸೆಕೆಂಡ್. ಅದರಲ್ಲಿ ಬ್ಯಾಟ್ ಬೀಸಲಿಕ್ಕೇ ಒಂದಿಷ್ಟು ಹೋಗುತ್ತದೆ. ಬೀಸಬೇಕೋ ಬಿಡಬೇಕೋ ಎಂದು ತೀರ್ಮಾನಿಸಲು ಉಳಿಯುವುದು ಕಣ್ಣು ಮಿಟುಕಿಸುವಷ್ಟು ಹೊತ್ತು. ನಮ್ಮ ಬ್ಯಾಟಿನ ಮುಖ ಚಪ್ಪಟೆ, ಅವರದು ದುಂಡಗೆ. ಚೂರು ಮೇಲೆ ತಗುಲಿದರೂ ಸುಲಭದ ಕ್ಯಾಚ್. ನಾಲ್ಕು ಓವರ್ ತಡೆದು ಆಡಿ ಕಣ್ಣು ಕೂರಿಸಿಕೊಳ್ಳೋಣ ಅಂದರೆ ಮೂರು ಸ್ಟ್ರೈಕ್‌ಗೆ (ಬೀಸಿ ತಪ್ಪಿದ ಅಥವಾ ಬಿಟ್ಟುಕೊಟ್ಟ ಸರಿಯಾದ ಚೆಂಡಿಗೆ) ಔಟ್.

ಹೀಗಾಗಿ ಹತ್ತು ಸಲ ಬ್ಯಾಟ್ ಹಿಡಿದು ಮೂರು ಸಲ ಹಿಟ್ ಹೊಡೆದವನು (ಹೊಡೆದು, ಔಟಾಗದೆ ಬೇಸ್ ಮುಟ್ಟಿದವನು) ಅಲ್ಲಿ ಒಳ್ಳೆಯ ಬ್ಯಾಟರ್. ಅಲ್ಲಿಯ ದೊಡ್ಡ ವೃತ್ತಿಪರ ಲೀಗ್‌ಗಳಾದ ಅಮೆರಿಕನ್ ಲೀಗ್, ನ್ಯಾಷನಲ್ ಲೀಗ್ ಎರಡರಲ್ಲೂ ಇಡೀ ಸೀಸನ್ ಹತ್ತಕ್ಕೆ ನಾಲ್ಕರ ಲೆಕ್ಕ ಮುಟ್ಟಿದ ಕೊನೆಯ ಆಟಗಾರ ಟೆಡ್ ವಿಲಿಯಮ್ಸ್. ಅದು 1941ರಲ್ಲಿ, ಸರಾಸರಿ .406. ಹೈಸ್ಕೂಲಿನಲ್ಲಿ ಎಲ್ಲರನ್ನೂ ಚಚ್ಚಿ ಬಂದ ಹುಡುಗ ಕಾಲೇಜಿಗೆ ಬಂದ ಮೊದಲ ತಿಂಗಳೇ ಹತ್ತಕ್ಕೆ ಎರಡಕ್ಕೆ ಇಳಿಯುತ್ತಾನೆ. ಮನೆಯಿಂದ ದೂರ ಇರುತ್ತಾನೆ, ವಯಸ್ಸು ಹದಿನೆಂಟು. ಅವನ ಬ್ಯಾಟ್ ಬೀಸುವ ರೀತಿಯನ್ನು ಯಾವಾಗ ತಿದ್ದಬೇಕು, ಯಾವಾಗ ಸುಮ್ನೆ ಬಿಡಬೇಕು ಎಂದು ಗೊತ್ತಿರುವವನೇ ಒಳ್ಳೆಯ ಹಿಟ್ಟಿಂಗ್ ಕೋಚ್. ದಿನಕ್ಕೊಂದು ಬದಲಾವಣೆ ಹೇಳುವ ಕೋಚ್ ಹುಡುಗನನ್ನು ಕೆಡಿಸುತ್ತಾನೆ ಎಂದು ನನ್ನ ಅನಿಸಿಕೆ.

ದಿನದ ಕೆಲಸದಲ್ಲಿ ಹೊಳಪೇನೂ ಇಲ್ಲ. ಬಲೆ ಕಟ್ಟಿದ ಕೇಜ್‌ನಲ್ಲಿ ನಿಂತು ಬಕೆಟ್‌ಗಟ್ಟಲೆ ಚೆಂಡು ಎಸೆಯಬೇಕು, ಮುಗಿದ ಮೇಲೆ ಹೆಕ್ಕಬೇಕು. ಶುಕ್ರವಾರದಿಂದ ಭಾನುವಾರದವರೆಗೆ ಎದುರಾಗುವ ತಂಡದ ಪಿಚರ್‌ಗಳ ವಿಡಿಯೊ ನೋಡಿ, ಯಾರು ಯಾವಾಗ ಯಾವ ಚೆಂಡು ಹಾಕುತ್ತಾರೆ ಎಂದು ಪಟ್ಟಿ ಮಾಡಬೇಕು. ಸೀಸನ್‌ಗೆ 56 ಪಂದ್ಯ, ಅದರಲ್ಲಿ ಎಷ್ಟೋ ಬಸ್ ಪ್ರಯಾಣ. ಸೀಸನ್ ನಡೆಯುವಾಗ ಹುಡುಗರಿಗೆ ತಂಡದ ಚಟುವಟಿಕೆಗೆ ವಾರಕ್ಕೆ 20 ಗಂಟೆಯ ಮಿತಿ ಉಂಟು. ಕೋಚ್‌ಗೆ ಅಂಥ ಮಿತಿ ಏನೂ ಇಲ್ಲ.

ಇನ್ನೊಂದು ಕೆಲಸ ಹೊರಗಿನವರ ಕಣ್ಣಿಗೆ ಬೀಳುವುದಿಲ್ಲ. ಹೈಸ್ಕೂಲ್ ಹುಡುಗರನ್ನು ಹುಡುಕಿ, ಒಪ್ಪಿಸಿ, ತಂಡಕ್ಕೆ ತರುವುದು. ಅವರು ಅದಕ್ಕೆ ರಿಕ್ರೂಟಿಂಗ್ ಎನ್ನುತ್ತಾರೆ. ಈಗಿನ ನಿಯಮದಂತೆ ಹುಡುಗ ಹನ್ನೊಂದನೇ ತರಗತಿಗೆ ಕಾಲಿಡುವ ವರ್ಷದ ಆಗಸ್ಟ್ 1ಕ್ಕೆ ಮುಂಚೆ ಅವನ ಜೊತೆ ಆ ಮಾತು ಎತ್ತುವಂತಿಲ್ಲ. ಆ ದಿನ ಬಂತೆಂದರೆ ಫೋನ್ ಮೇಲೆ ಫೋನ್. ಹಿಂದೆ ಒಂದು ತಂಡಕ್ಕೆ ಇದ್ದದ್ದು 11.7 ಪೂರ್ತಿ ಸ್ಕಾಲರ್‌ಶಿಪ್‌ನಷ್ಟು ಹಣ. ಹಲವು ವರ್ಷ ಅದನ್ನು ಹೆಚ್ಚೆಂದರೆ 27 ಹುಡುಗರಿಗೆ ಹಂಚಬೇಕಿತ್ತು. ನಿನಗೆ ಕಾಲು ಭಾಗ, ಅವನಿಗೆ ಅರ್ಧ ಅಂತ ಅಪ್ಪ ಅಮ್ಮಂದಿರ ಜೊತೆ ಚೌಕಾಸಿ ಮಾಡುವುದು ಅಸಿಸ್ಟೆಂಟ್ ಕೋಚ್‌ಗಳ ಪಾಲಿಗೂ ಬರುತ್ತಿತ್ತು. 2025ರಿಂದ ಆ ಮಿತಿ ಹೋಗಿ, ದೊಡ್ಡ ಕಾಲೇಜುಗಳಲ್ಲಿ 34 ಆಟಗಾರರ ಮಿತಿ ಬಂದಿದೆ. ಚೌಕಾಸಿ ಮಾತ್ರ ಎಲ್ಲೂ ಹೋಗಿಲ್ಲ. ಅಸಿಸ್ಟೆಂಟ್ ಕೋಚ್ ಮೇಲೆ ಬರುವುದು ಬಹುಪಾಲು ಈ ಸಾಮರ್ಥ್ಯದಿಂದ ಎಂದೇ ನನ್ನ ಲೆಕ್ಕ. ನಿಮ್ಮ ಮೊಮ್ಮಗನಿಗೆ ಬ್ಯಾಟ್ ಗೊತ್ತು. ಗುರುತಿಲ್ಲದವರ ಮನೆಯಲ್ಲಿ ಕೂತು ಮಾತಾಡಲು ಬರುತ್ತದಾ, ಅದನ್ನು ಕೇಳಿ.

ಈಗ ದುಡ್ಡಿನ ಮಾತು. 2023ರ ಜುಲೈವರೆಗೆ ಡಿವಿಷನ್ ಒನ್ ತಂಡದಲ್ಲಿ ಹೆಡ್ ಕೋಚ್ ಜೊತೆ ಸಂಬಳದ ಅಸಿಸ್ಟೆಂಟ್‌ಗಳು ಇಬ್ಬರೇ. ಮೂರನೆಯವನಿಗೆ ವಾಲಂಟಿಯರ್ ಎಂಬ ಹೆಸರು. ಕೊಡುವ ಮನಸ್ಸಿದ್ದರೂ ಕಾಲೇಜು ಅವನಿಗೆ ಸಂಬಳ ಕೊಡುವಂತಿರಲಿಲ್ಲ. ಕಾಲೇಜ್ ಕ್ರೀಡೆಯನ್ನು ನಡೆಸುವ ಎನ್‌ಸಿಎಎಯ ನಿಯಮವೇ ಹಾಗಿತ್ತು. ಹಲವು ಕಾಲೇಜುಗಳಲ್ಲಿ ಆ ಮೂರನೆಯವನೇ ಬ್ಯಾಟರ್‌ಗಳನ್ನು ನೋಡಿಕೊಳ್ಳುತ್ತಿದ್ದ. ಉಳಿದವರಷ್ಟೇ ದುಡಿಮೆ, ಸಂಬಳ ಸೊನ್ನೆ. ಬೇಸಿಗೆ ಶಿಬಿರ, ಖಾಸಗಿ ಪಾಠ ಮಾಡಿ ಬಾಡಿಗೆ ಕಟ್ಟುತ್ತಿದ್ದರು. ಕೊನೆಗೆ ಕೆಲವರು ಕೋರ್ಟಿಗೆ ಹೋದರು. ಎನ್‌ಸಿಎಎ ನಿಯಮ ಕೈಬಿಟ್ಟಿತು. ಹಳೆಯ ವಾಲಂಟಿಯರ್‌ಗಳಿಗೆ ಹಂಚಲು ಸುಮಾರು 4.9 ಕೋಟಿ ಡಾಲರ್‌ಗೆ ರಾಜಿಯೂ ಆಯಿತು. ಕೋಟಿಗಟ್ಟಲೆ ವ್ಯವಹಾರದ ಆಟದಲ್ಲಿ ದುಡಿದವನಿಗೆ ಕೂಲಿ ಕೊಡಲು ಕೋರ್ಟ್ ಬೇಕಾಯಿತು ನೋಡಿ.

ಈಗ ಮೂರನೆಯವನಿಗೂ ಸಂಬಳ ಕೊಡಬಹುದು. ಗಮನಿಸಿ, ಕೊಡಬಹುದು ಅಷ್ಟೇ. ಎಷ್ಟು ಎಂಬುದು ಕಾಲೇಜಿನ ತಿಜೋರಿಗೆ ಬಿಟ್ಟದ್ದು. ದಕ್ಷಿಣದ ಶ್ರೀಮಂತ ಕಾಲೇಜುಗಳಲ್ಲಿ ಹೆಸರು ಮಾಡಿದ ಅಸಿಸ್ಟೆಂಟ್‌ಗಳಿಗೆ ವರ್ಷಕ್ಕೆ ಎರಡು ಲಕ್ಷ ಡಾಲರ್ ದಾಟಿದ್ದೂ ಇದೆ. ಹೊಸಬನಿಗೆ ಸಿಗುವುದು ಸಾಮಾನ್ಯವಾಗಿ ಗ್ರಾಜುಯೇಟ್ ಅಸಿಸ್ಟೆಂಟ್ ಕೆಲಸ. ಎಂ.ಎ., ಎಂ.ಎಸ್. ಓದುತ್ತಾ ತಂಡದ ಕೆಲಸ ಮಾಡಬೇಕು. ಫೀಸು ಪೂರ್ತಿಯೋ ಅರ್ಧವೋ ಮಾಫಿ, ಕೈಗೆ ಒಂದಿಷ್ಟು ಕಾಸು. ಇದೂ ಸಿಕ್ಕರೆ ಪುಣ್ಯ. ಹೆಡ್ ಕೋಚ್‌ನನ್ನು ತೆಗೆದರೆ ಅವನ ಜೊತೆ ಅಸಿಸ್ಟೆಂಟ್‌ಗಳೂ ಗಂಟು ಮೂಟೆ ಕಟ್ಟಬೇಕಾಗುತ್ತದೆ. ಮದುವೆ, ಮನೆ ಸಾಲ, ಮಕ್ಕಳ ಸ್ಕೂಲು ಎಲ್ಲವೂ ಇದರ ಮೇಲೆ ನಿಂತಿರುತ್ತದೆ ಎಂಬುದನ್ನು ಸೊಸೆ ಯೋಚಿಸಿದ್ದರೆ ತಪ್ಪಿಲ್ಲ.

ಹಾಗಂತ ದಾರಿ ಮುಚ್ಚಿಲ್ಲ. ಟೋನಿ ವಿಟೆಲ್ಲೊ ಎಂಬವರ ಕಥೆ ಕೇಳಿ. ಮಿಸ್ಸೋರಿ ವಿಶ್ವವಿದ್ಯಾಲಯದಲ್ಲಿ ಆಡಿದರು, ದೊಡ್ಡ ಆಟಗಾರರೇನೂ ಆಗಲಿಲ್ಲ. ಅಲ್ಲೇ ಅಸಿಸ್ಟೆಂಟ್ ಆದರು. ಆಮೇಲೆ ಟೆಕ್ಸಾಸ್ ಕ್ರಿಶ್ಚಿಯನ್, 2014ರಿಂದ ಅರ್ಕಾನ್ಸಾ. ಅಲ್ಲಿ ಬ್ಯಾಟರ್‌ಗಳು ಮತ್ತು ರಿಕ್ರೂಟಿಂಗ್ ಎರಡೂ ಇವರ ಕೈಯಲ್ಲಿ. ಅಲ್ಲಿ ಆಂಡ್ರ್ಯೂ ಬೆನಿಂಟೆಂಡಿ ಎಂಬ ಹುಡುಗ ಮೊದಲ ವರ್ಷ ಹೊಡೆದದ್ದು ಒಂದೇ ಹೋಮ್ ರನ್ (ನಮ್ಮ ಸಿಕ್ಸರ್ ಇದ್ದಂತೆ). ಮರುವರ್ಷ, 2015ರಲ್ಲಿ, 20. ದೇಶದ ಅತ್ಯುತ್ತಮ ಹವ್ಯಾಸಿ ಆಟಗಾರನಿಗೆ ಕೊಡುವ ಗೋಲ್ಡನ್ ಸ್ಪೈಕ್ಸ್ ಪ್ರಶಸ್ತಿಯೂ ಬಂತು. ಅದರಲ್ಲಿ ಕೋಚ್‌ನ ಪಾಲು ಎಷ್ಟು, ಹುಡುಗನ ಮೈಗೂಡಿದ ಶಕ್ತಿಯ ಪಾಲು ಎಷ್ಟು? ಅಳೆಯಲಾಗದು. ಈ ಉದ್ಯೋಗದ ಲಾಭವೂ ಅದೇ, ಸಂಕಟವೂ ಅದೇ. ವಿಟೆಲ್ಲೊ ಆಮೇಲೆ ಟೆನೆಸ್ಸಿಯ ಹೆಡ್ ಕೋಚ್ ಆಗಿ 2024ರಲ್ಲಿ ಕಾಲೇಜ್ ವರ್ಲ್ಡ್ ಸೀರೀಸ್, ಅಂದರೆ ಕಾಲೇಜುಗಳ ರಾಷ್ಟ್ರೀಯ ಚಾಂಪಿಯನ್‌ಶಿಪ್, ಗೆದ್ದರು. 2025ರಲ್ಲಿ ಸ್ಯಾನ್ ಫ್ರಾನ್ಸಿಸ್ಕೊ ಜಯಂಟ್ಸ್ ಎಂಬ ವೃತ್ತಿಪರ ತಂಡ ಅವರನ್ನು ನೇರವಾಗಿ ಮ್ಯಾನೇಜರ್ (ಅಲ್ಲಿ ಮುಖ್ಯ ಕೋಚ್‌ಗೆ ಹೇಳುವ ಹೆಸರು) ಮಾಡಿಕೊಂಡಿತು. ಮಿಷಿಗನ್ ಕಾಲೇಜಿನಲ್ಲಿ ಆಡಿ, ಅಲ್ಲೇ ಕೋಚ್ ಆಗಿದ್ದ ಮೈಕಲ್ ಬ್ರ್ಡಾರ್ ಮೂವತ್ತು ತುಂಬುವ ಮೊದಲೇ ಪಾಡ್ರೆಸ್ ಎಂಬ ವೃತ್ತಿಪರ ತಂಡದ ಹಿಟ್ಟಿಂಗ್ ಕೋಚ್ ಆದರು. ಇವರಿಬ್ಬರೂ ಅಪವಾದ. ಇವರನ್ನು ತೋರಿಸಿ ಮೊಮ್ಮಗ ವಾದ ಮಾಡಿದರೆ ಒಪ್ಪಬೇಡಿ.

ಅವನ ಕಂಪ್ಯೂಟರ್ ಡಿಗ್ರಿ ವ್ಯರ್ಥ ಅಂತ ಮಾತ್ರ ಅನ್ನಬೇಡಿ. ಚೆಂಡು ಬ್ಯಾಟಿನಿಂದ ಎಷ್ಟು ವೇಗದಲ್ಲಿ, ಯಾವ ಕೋನದಲ್ಲಿ ಹೊರಟಿತು ಎಂದು ಅಳೆಯುವ ಟ್ರ್ಯಾಕ್‌ಮ್ಯಾನ್, ರ‍್ಯಾಪ್ಸೋಡೊ ಯಂತ್ರಗಳು ಈಗ ಕಾಲೇಜುಗಳಲ್ಲಿ ಸಾಮಾನ್ಯ. ಬ್ಯಾಟಿನ ಹಿಡಿಕೆಯ ತುದಿಗೆ ಸಿಕ್ಕಿಸುವ ಸಣ್ಣ ಸೆನ್ಸರ್ ಕೂಡ ಬಂದಿದೆ. ಅಂಕಿಗಳ ರಾಶಿ ಬೀಳುತ್ತದೆ. ಅದನ್ನು ಸೋಸಿ, ಹದಿನೆಂಟರ ಹುಡುಗನಿಗೆ ಒಂದೇ ಮಾತಿನಲ್ಲಿ ಹೇಳಬಲ್ಲವರು ಕಡಿಮೆ. ಮೊಮ್ಮಗನಿಗೆ ಬಾಗಿಲು ತೆರೆದರೆ ಇಲ್ಲಿಂದ ತೆರೆಯಬಹುದು. ಕೋಚಿಂಗ್ ಕೈಹಿಡಿಯದಿದ್ದರೂ ಅದೇ ಕಸುಬು ಬೇರೆ ಕಡೆ ಅನ್ನ ಕೊಡುತ್ತದೆ.

ಆದ್ದರಿಂದ ನಾನಾದರೆ ಬೇಡ ಎನ್ನುವುದಿಲ್ಲ. ಮೂರು ವರ್ಷ ಕೊಟ್ಟು ನೋಡಿ. ಆ ಮೂರು ವರ್ಷದ ಬಾಡಿಗೆ, ಆರೋಗ್ಯ ವಿಮೆ ಯಾರು ಕಟ್ಟುತ್ತಾರೆ ಎಂದು ಮಗ, ಸೊಸೆ, ಮೊಮ್ಮಗ ಕೂತು ಕಾಗದದ ಮೇಲೆ ಬರೆದುಕೊಳ್ಳಲಿ. ಅಪ್ಪನ ದುಡ್ಡಿನಲ್ಲಿ ಎಂದಾದರೆ ಅದನ್ನೂ ಬಾಯಿಬಿಟ್ಟು ಹೇಳಲಿ, ಮುಚ್ಚುಮರೆ ಬೇಡ.

ನೀವು ಹೋಗುವ ಹೊತ್ತಿಗೆ ಸರಿಯಾಗಿ ಕಾಲೇಜ್ ಸೀಸನ್ ಶುರು, ಫೆಬ್ರುವರಿ ನಡುಭಾಗಕ್ಕೆ. ಆಸ್ಟಿನ್‌ನ ಟೆಕ್ಸಾಸ್ ವಿಶ್ವವಿದ್ಯಾಲಯ ಆರು ಸಲ ಕಾಲೇಜ್ ವರ್ಲ್ಡ್ ಸೀರೀಸ್ ಗೆದ್ದ ತಂಡ. ದೂರವಾಗದಿದ್ದರೆ ಮೊಮ್ಮಗನ ಜೊತೆ ಅಲ್ಲಿಗೊಮ್ಮೆ ಹೋಗಿ. ಗೇಟು ತೆರೆದ ಕೂಡಲೇ ಒಳಗೆ ಹೋದರೆ ಬ್ಯಾಟಿಂಗ್ ಪ್ರಾಕ್ಟೀಸ್ ಸ್ವಲ್ಪವಾದರೂ ನೋಡಲು ಸಿಗಬಹುದು. ಬಲೆಯ ಹಿಂದೆ ನಿಂತು ಚೆಂಡು ಎಸೆಯುವವರನ್ನು ಅವನು ತೋರಿಸುತ್ತಾನೆ. ಅವರ ವಯಸ್ಸೆಷ್ಟು, ಇಲ್ಲಿಗೆ ಬರುವ ಮುಂಚೆ ಎಷ್ಟು ಊರು ಬದಲಿಸಿದರು ಅಂತ ಕೇಳಿ. ಅವನಿಗೆ ಉತ್ತರ ಗೊತ್ತಿರುತ್ತದೆ.

— ಸಂಪಾದಕ