ರಾತ್ರಿ ಫಿಟ್ಸ್‌ನಲ್ಲಿ ತುಟಿ ನೀಲಿಯಾದರೆ
ಪಿಜಿಯಲ್ಲಿ ಒಬ್ಬನೇ ಮಲಗುವ ತಮ್ಮನಿಗೆ ರಾತ್ರಿ ಫಿಟ್ಸ್ ಬಂದರೆ ಜೀವಕ್ಕೆ ಅಪಾಯವೇ ಎಂದು ಕೇಳಿದ್ದೀರಿ. ಅಪರೂಪ, ಆದರೆ ಇದೆ: ಮೂರ್ಛೆರೋಗ ಇರುವ ವಯಸ್ಕರಲ್ಲಿ ವರ್ಷಕ್ಕೆ ಸುಮಾರು 1000ಕ್ಕೆ ಒಬ್ಬರು ಹೀಗೆ ಹಠಾತ್ತನೆ ತೀರಿಕೊಳ್ಳುತ್ತಾರೆ. ಮೈಯೆಲ್ಲ ಸೆಟೆದು ಅದುರುವ ಫಿಟ್ಸ್ ಹತೋಟಿಗೆ ಬಾರದವರಿಗೇ ಅಪಾಯ ಹೆಚ್ಚು. ಅದುರುವಾಗ ತುಟಿ ನೀಲಿಯಾಗುವುದು ಸಾಮಾನ್ಯ. ನಿಜವಾಗಿ ಕಣ್ಣಿಡಬೇಕಾದ್ದು ಅದುರು ನಿಂತ ಮೇಲಿನ ಕೆಲವು ನಿಮಿಷ. ಹೀಗೆ ತೀರಿಕೊಳ್ಳುವವರಲ್ಲಿ ಹೆಚ್ಚಾಗಿ ಉಸಿರು ಮೊದಲು ನಿಲ್ಲುತ್ತದೆ, ಆಮೇಲೆ ಹೃದಯ. ಬೋರಲಾಗಿ ದಿಂಬಿಗೆ ಮೂಗೊತ್ತಿ ಬಿದ್ದಿದ್ದರಂತೂ ಇನ್ನೂ ಕಷ್ಟ. ತಕ್ಷಣ ಪಕ್ಕಕ್ಕೆ ಹೊರಳಿಸಿ, ಗದ್ದ ತುಸು ಮೇಲೆತ್ತಿ, ಜೊಲ್ಲು ಹೊರಗೆ ಹರಿಯಲು ಬಿಡಿ. ಬಾಯಿಗೆ ಚಮಚ, ನೀರು ಏನೂ ಬೇಡ. (ಕೈಗೆ ಬೀಗದ ಕೀ ಕೊಟ್ಟರೆ ಫಿಟ್ಸ್ ನಿಲ್ಲುವುದಿಲ್ಲ.) ಅದುರು 5 ನಿಮಿಷ ದಾಟಿದರೆ 108ಕ್ಕೆ ಫೋನ್ ಮಾಡಿ. ಅದುರು ನಿಂತ ಮೇಲೂ ಉಸಿರೇ ಇಲ್ಲದಿದ್ದರೆ ತಕ್ಷಣ 108ಕ್ಕೆ ಫೋನ್ ಮಾಡಿ, ಎದೆ ಒತ್ತಲು ಶುರುಮಾಡಿ. ರೂಮ್‌ಮೇಟ್ ಇರುವ ಕೋಣೆಗೆ ಬದಲಿಸಿ. ಮಾತ್ರೆ ತಪ್ಪದೆ ನುಂಗಿಯೂ ಬರುತ್ತಿದ್ದರೆ ನಿಮ್ಹಾನ್ಸ್‌ನಲ್ಲಿ ತೋರಿಸಿ.